ಒಳಗೆ ಕಂಡದ್ದು ಯಾರಿಗೆ ಸೇರಿದ್ದು?



ಹೋದ ಸುಗ್ಗಿಯ ಕಾಲದಲ್ಲಿ ಒಂದು ಹಳ್ಳಿಯ ಸಭೆಯಲ್ಲಿ ಸಾಯಂಕಾಲದ ಪ್ರಾರ್ಥನೆ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದು ಒಂದು ಸಂಗತಿಯನ್ನು ವಿಚಾರಿಸಿದರು. ಅವರ ಸೊಸೆಗೆ ಪಿತ್ತಕೋಶದಲ್ಲಿ ಕಲ್ಲುಗಳುಂಟೆಂದು ತಿಳಿದುಬಂದು, ಮುಂದಿನ ವಾರದಲ್ಲಿ ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಗುವದಾಗಿ ಗೊತ್ತಾಗಿತ್ತು. ಒಪ್ಪಿಗೆಯ ಕಾಗದಕ್ಕೆ ಮನೆಯವರ ಸಹಿಯೂ ಬೇಕೆಂದು ಹೇಳಿದ್ದರಂತೆ. ಹಿರಿಯರು ಕೇಳಿದ್ದೇನಂದರೆ: “ಉಪದೇಶಿಗಳೇ, ವೈದ್ಯರು ಹೊಟ್ಟೆಯನ್ನು ಕೊಯ್ದು ನೋಡುವಾಗ ತಾವು ಹುಡುಕದೆ ಇದ್ದ ಬೇರೊಂದು ಕೇಡು ಕಂಡುಬಂದರೆ ಅದನ್ನು ಕೇಳದೆ ತೆಗೆದುಹಾಕಬಹುದೋ? ಒಳಗೆ ಕಂಡದ್ದನ್ನು ಅವರು ಯಾರಿಗೆ ಹೇಳಬೇಕು? ಮಲಗಿದವಳಿಗೋ, ಮನೆಯ ಯಜಮಾನನಾದ ನನಗೋ?”

ಆ ಸಾಯಂಕಾಲ ನಾವು ಅವರಿಗೆ ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆವು. ಯಾಕಂದರೆ ಆ ಪ್ರಶ್ನೆಯು ನಮ್ಮ ಸ್ವಂತ ಮನಸ್ಸಾಕ್ಷಿಯಲ್ಲಿದ್ದ ಒಂದು ಹಳೇ ಗಾಯವನ್ನು ಮುಟ್ಟಿತು. ಅದು ಎಂಥದೆಂದು ಮುಂದೆ ಹೇಳುವೆವು. ಮೊದಲು ಪ್ರಶ್ನೆಯನ್ನೇ ಚೆನ್ನಾಗಿ ನೋಡೋಣ.

ಬಾವಿ ತೋಡುವವನು ನೀರನ್ನು ಹುಡುಕುತ್ತಾ ಬಂಡೆಯನ್ನು ಕಾಣುವದುಂಟು. ಮನುಷ್ಯನ ಹೊಟ್ಟೆಯೂ ಹಾಗೆಯೇ ಇರುವದು. ಹೊರಗಿನಿಂದ ಕೈಯಿಟ್ಟು ಒತ್ತಿ ನೋಡಿದವನಿಗೆ ಒಂದು ತೋರುವದು. ತೆರೆದು ನೋಡಿದವನಿಗೆ ಮತ್ತೊಂದು ತೋರುವದು. ಈಗಿನ ಕಾಲದಲ್ಲಿ ಸ್ಕ್ಯಾನಿಂಗ್ ಯಂತ್ರಗಳೂ ಸಣ್ಣ ರಂಧ್ರದ ಮೂಲಕ ಒಳಗೆ ಬಿಟ್ಟು ನೋಡುವ ದುರ್ಬೀನುಗಳೂ ಬಂದಿರುವದರಿಂದ ಹಿಂದಿನಷ್ಟು ಕತ್ತಲೆಯಿಲ್ಲವೆಂಬದು ನಿಜ. ಆದಾಗ್ಯೂ ಬಲಗಡೆಯ ನೋವನ್ನು ಅಪೆಂಡಿಕ್ಸಿನ ನೋವೆಂದು ಎಣಿಸಿ ತೆರೆದಾಗ ಅಪೆಂಡಿಕ್ಸು ಆರೋಗ್ಯವಾಗಿದ್ದು, ಹೆಂಗಸಾದರೆ ಅಂಡಾಶಯವು ತಿರುಚಿಕೊಂಡಿರುವದು ಕಾಣಬಹುದು. ಇನ್ನು ಕೆಲವರಲ್ಲಿ ಸಣ್ಣ ಕರುಳಿನ ಬದಿಯಲ್ಲಿ ಹುಟ್ಟಿನಿಂದಲೇ ಇರುವ ಒಂದು ಪುಟ್ಟ ಚೀಲವು ಕಣ್ಣಿಗೆ ಬೀಳುವದು. ನೂರು ಮಂದಿಯಲ್ಲಿ ಸುಮಾರು 2 ಮಂದಿಗೆ ಇಂಥ ಚೀಲವುಂಟು. ಬಹುಮಂದಿ ಅದನ್ನು ತಿಳಿಯದೆಯೇ ಬದುಕಿ ಸಾಯುವರು. ಕೇಡು ಮಾಡದೆ ಸುಮ್ಮನಿರುವ ಆ ಚೀಲವನ್ನು ಕಂಡಕೂಡಲೇ ತೆಗೆಯಬೇಕೋ ಬಿಡಬೇಕೋ ಎಂಬದರಲ್ಲಿ ಶಸ್ತ್ರವೈದ್ಯರೊಳಗೇ ಭೇದವುಂಟು.

ಅನಿರೀಕ್ಷಿತವಾಗಿ ಕಂಡದ್ದು ದೊಡ್ಡ ಉಪಕಾರಕ್ಕೆ ಕಾರಣವಾದದ್ದೂ ಉಂಟು. 1735ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಲಂಡನ್ ಪಟ್ಟಣದ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಕ್ಲಾಡಿಯಸ್ ಅಮಿಯಾಂಡ್ ಎಂಬ ಶಸ್ತ್ರವೈದ್ಯನು 11 ವರುಷದ ಒಬ್ಬ ಹುಡುಗನಿಗೆ ಚಿಕಿತ್ಸೆ ಮಾಡಿದನು. ಈ ಅಮಿಯಾಂಡನು ಹ್ಯೂಗೆನಾಟರೆಂಬ ಫ್ರೆಂಚ್ ಪ್ರೊಟೆಸ್ಟಂಟರ ವಂಶದವನು. ಆ ಜನರು ತಮ್ಮ ನಂಬಿಕೆಯ ನಿಮಿತ್ತ ಹಿಂಸೆಪಟ್ಟು ಸ್ವದೇಶವನ್ನು ಬಿಟ್ಟು ಇಂಗ್ಲೆಂಡಿನಲ್ಲಿ ಆಶ್ರಯ ಪಡೆದವರು. ಹುಡುಗನಿಗೆ ಕರುಳು ಇಳಿಯುವ ಹರ್ನಿಯಾ ಎಂಬ ರೋಗವಿತ್ತು; ತೊಡೆಯ ಕಡೆಗೆ ಒಂದು ಹುಣ್ಣು ಒಡೆದು ಕೀವು ಸುರಿಯುತ್ತಿತ್ತು. ವೈದ್ಯನು ಹರ್ನಿಯಾ ಎಂದು ತೆರೆದನು; ಒಳಗೆ ನೋಡಿದರೆ ಅಪೆಂಡಿಕ್ಸು ಅಲ್ಲಿ ಸಿಕ್ಕಿಕೊಂಡಿತ್ತು, ಅದನ್ನು ಒಂದು ಗುಂಡುಸೂಜಿಯು ತೂತುಮಾಡಿತ್ತು! ಹುಡುಗನು ಯಾವಾಗಲೋ ನುಂಗಿದ್ದ ಆ ಸೂಜಿಯ ಸುತ್ತಲೂ ಕಲ್ಲಿನಂತೆ ಗಟ್ಟಿಯಾದ ಪದರವು ಕಟ್ಟಿಕೊಂಡಿತ್ತು. ಮಂಪರು ಬರಿಸುವ ಔಷಧವು ಇನ್ನೂ ಇಲ್ಲದ ಕಾಲ ಅದು. ಹೆಚ್ಚು ಕಡಿಮೆ ಅರ್ಧ ಗಂಟೆಯ ಹೊತ್ತು ಹುಡುಗನು ಎಚ್ಚರವಾಗಿಯೇ ನೋವನ್ನು ಸಹಿಸಿದನು. ಅಮಿಯಾಂಡನು ಅಪೆಂಡಿಕ್ಸನ್ನು ತೆಗೆದನು, ಹುಡುಗನು ಗುಣವಾದನು. ಅಪೆಂಡಿಕ್ಸನ್ನು ತೆಗೆದು ರೋಗಿಯು ಬದುಕಿದ ಮೊದಲನೆಯ ಸಂಗತಿಯೆಂದು ವೈದ್ಯರು ಇದನ್ನೇ ಎಣಿಸುವರು. ಅಂದು ಆ ವೈದ್ಯನು “ನಾನು ಹುಡುಕಿದ್ದು ಇದಲ್ಲ” ಎಂದು ಹೇಳಿ ಗಾಯವನ್ನು ಮುಚ್ಚಿಬಿಟ್ಟಿದ್ದರೆ ಆ ಹುಡುಗನ ಗತಿ ಏನಾಗುತ್ತಿತ್ತು?

ಇದನ್ನು ಕೇಳಿದವರು, “ಹಾಗಾದರೆ ವೈದ್ಯನು ಕಂಡದ್ದನ್ನೆಲ್ಲಾ ತೆಗೆಯಲಿ; ಬಲ್ಲವನು ಅವನು” ಎಂದು ಹೇಳಿಬಿಡಬಹುದು. ನಮ್ಮ ಹಳ್ಳಿಗಳಲ್ಲಿ ಹೀಗೆ ಹೇಳುವವರು ಬಹಳ. ಆದರೆ ಇನ್ನೊಂದು ಸಂಗತಿಯನ್ನು ಕೇಳಿರಿ.

1908ನೆಯ ಇಸವಿಯಲ್ಲಿ ಅಮೇರಿಕ ದೇಶದ ನ್ಯೂಯಾರ್ಕ್ ಪಟ್ಟಣದಲ್ಲಿ ಮೇರಿ ಶ್ಲೋಂಡಾರ್ಫ್ ಎಂಬ ಸ್ತ್ರೀಯು ಹೊಟ್ಟೆಯ ಬೇನೆಗಾಗಿ ಒಂದು ಧರ್ಮಾಸ್ಪತ್ರೆಗೆ ಸೇರಿದಳು. ಅಲ್ಲಿ ಕೆಲವು ವಾರ ಇದ್ದ ಮೇಲೆ ವೈದ್ಯರು ಅವಳ ಹೊಟ್ಟೆಯಲ್ಲಿ ಒಂದು ಗಡ್ಡೆಯನ್ನು ಗುರುತಿಸಿ, ಅದು ಎಂಥದೆಂದು ತಿಳಿಯಬೇಕಾದರೆ ಈಥರ್ ಕೊಟ್ಟು ಪರೀಕ್ಷಿಸಬೇಕು ಎಂದರು. ಪರೀಕ್ಷೆಗೆ ಒಪ್ಪಿದೆನೆಂದೂ ಕೊಯ್ಯುವದು ಬೇಡವೆಂದು ಸ್ಪಷ್ಟವಾಗಿ ತಿಳಿಸಿದೆನೆಂದೂ ಆಕೆಯು ಹೇಳಿದಳು. ಆದರೆ ಆಕೆಯು ಅರಿವಿಲ್ಲದೆ ಮಲಗಿದ್ದಾಗ ಗಡ್ಡೆಯನ್ನು ತೆಗೆದುಹಾಕಿದರು. ಆ ಮೇಲೆ ಆಕೆಯ ಕೈಯಲ್ಲಿ ಕೊಳೆರೋಗವುಂಟಾಗಿ ಕೆಲವು ಬೆರಳುಗಳನ್ನು ಕಳೆದುಕೊಳ್ಳಬೇಕಾಯಿತು. ಆಕೆಯು ನ್ಯಾಯಾಲಯಕ್ಕೆ ಹೋದಳು. 1914ರಲ್ಲಿ ತೀರ್ಪು ಬರೆದ ಬೆಂಜಮಿನ್ ಕಾರ್ಡೋಜೊ ಎಂಬ ನ್ಯಾಯಾಧಿಪತಿಯು, ಪ್ರಾಯಕ್ಕೆ ಬಂದು ಬುದ್ಧಿ ಸ್ವಸ್ಥವಾಗಿರುವ ಯಾವ ಮನುಷ್ಯನಿಗಾದರೂ ತನ್ನ ದೇಹಕ್ಕೆ ಏನು ಮಾಡಬೇಕೆಂಬದನ್ನು ನಿಶ್ಚಯಿಸುವ ಹಕ್ಕು ಉಂಟೆಂದೂ, ಒಪ್ಪಿಗೆಯಿಲ್ಲದೆ ಕೊಯ್ಯುವವನು ರೋಗಿಯ ಮೇಲೆ ಕೈಮಾಡಿದ ಅಪರಾಧಕ್ಕೆ ಹೊಣೆಯಾಗುವನೆಂದೂ ನಿರ್ಣಯಿಸಿದನು. ಧರ್ಮಕ್ಕಾಗಿ ನಡೆಯುವ ಆಸ್ಪತ್ರೆಯೆಂಬ ಕಾರಣದಿಂದ ಆಕೆಗೆ ಆಸ್ಪತ್ರೆಯವರಿಂದ ಪರಿಹಾರವು ದೊರಕಲಿಲ್ಲ. ಆದರೆ ಆ ಮಾತು ಮಾತ್ರ ಉಳಿಯಿತು. ಈಗಲೂ ಅನೇಕ ದೇಶಗಳ ನ್ಯಾಯಸ್ಥಾನಗಳಲ್ಲಿ ಅದನ್ನು ಎತ್ತಿ ಹೇಳುವರು.

ನಮ್ಮ ದೇಶದಲ್ಲಿಯೂ ಇಂಥದೇ ಒಂದು ವ್ಯಾಜ್ಯವು ನಡೆಯಿತು. 1995ರಲ್ಲಿ ದಿಲ್ಲಿಯಲ್ಲಿ 44 ವರುಷದ ಒಬ್ಬ ಅವಿವಾಹಿತ ಸ್ತ್ರೀಯು, ಒಳಗೆ ಏನಿದೆಯೆಂದು ದುರ್ಬೀನಿನಿಂದ ನೋಡುವದಕ್ಕಾಗಿ ಒಪ್ಪಿ ಮಲಗಿದಳು. ನೋಡಿದ ವೈದ್ಯರಿಗೆ ಗರ್ಭಕೋಶದ ಸುತ್ತಲೂ ಹರಡಿದ್ದ ಒಂದು ವ್ಯಾಧಿಯು ಕಂಡಿತು. ಹೊರಗೆ ಕುಳಿತಿದ್ದ ವೃದ್ಧ ತಾಯಿಯ ಒಪ್ಪಿಗೆಯನ್ನು ಪಡೆದು, ಮಗಳು ಎಚ್ಚರವಾಗುವದಕ್ಕಿಂತ ಮುಂಚೆಯೇ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದುಬಿಟ್ಟರು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ವರೆಗೂ ಹೋಯಿತು. 2008ನೆಯ ಇಸವಿಯ ಜನವರಿ ತಿಂಗಳಲ್ಲಿ ತೀರ್ಪಾಯಿತು. ಅದನ್ನು ಬರೆದವರು ಹಿಂದೆ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿಗಳಾಗಿದ್ದ ಆರ್. ವಿ. ರವೀಂದ್ರನ್ ಅವರು. ವೈದ್ಯರು ಒಳ್ಳೇ ಮನಸ್ಸಿನಿಂದಲೂ ರೋಗಿಯ ಮೇಲಿಗಾಗಿಯೂ ಮಾಡಿದರೆಂಬದನ್ನು ನ್ಯಾಯಾಲಯವು ಒಪ್ಪಿಕೊಂಡಿತು. ಆದಾಗ್ಯೂ ನೋಡುವದಕ್ಕೆ ಕೊಟ್ಟ ಒಪ್ಪಿಗೆಯು ತೆಗೆಯುವದಕ್ಕೆ ಕೊಟ್ಟ ಒಪ್ಪಿಗೆಯಲ್ಲ. ಪ್ರಾಯಕ್ಕೆ ಬಂದು ಬುದ್ಧಿ ನೆಟ್ಟಗಿರುವ ಮಗಳ ಬದಲಾಗಿ ತಾಯಿಯು ಒಪ್ಪಲಾಗದು. ಪ್ರಾಣವನ್ನಾಗಲಿ ಆರೋಗ್ಯವನ್ನಾಗಲಿ ಉಳಿಸುವದಕ್ಕೆ ಆ ಕ್ಷಣವೇ ಮಾಡಬೇಕಾಗಿದ್ದರೆ ಮಾತ್ರ ಕೇಳದೆ ಮಾಡಬಹುದು ಎಂದು ಹೇಳಿತು. ವೈದ್ಯರಿಗೆ ಶುಲ್ಕವು ಸಲ್ಲದೆಂದೂ, ಆ ಸ್ತ್ರೀಗೆ 25,000 ರೂಪಾಯಿ ಕೊಡಬೇಕೆಂದೂ ಆಜ್ಞೆಯಾಯಿತು. ಮುಂದೆ ಬೇಕಾಗಬಹುದಾದದ್ದನ್ನು ಮೊದಲೇ ವಿವರಿಸಿ ಒಟ್ಟಿಗೆ ಒಪ್ಪಿಗೆಯನ್ನು ಕೇಳಿಕೊಳ್ಳಬಹುದೆಂದೂ ಅದೇ ತೀರ್ಪು ತಿಳಿಸಿತು.

ಪ್ರಿಯರೇ, ಇದು ಲೋಕದ ನ್ಯಾಯ. ಸತ್ಯವೇದದ ಬೆಳಕಿನಲ್ಲಿ ಇದು ಹೇಗೆ ತೋರುವದು?

ಯೆರೂಸಲೇಮಿನ ಬೇತೆಸ್ದ ಕೊಳದ ಬಳಿಯಲ್ಲಿ 38 ವರುಷ ರೋಗಿಯಾಗಿ ಬಿದ್ದಿದ್ದವನನ್ನು ನೆನಪಿಗೆ ತಂದುಕೊಳ್ಳಿರಿ. ಅವನಿಗೆ ಏನು ಬೇಕೆಂಬದು ಕರ್ತನಿಗೆ ಗೊತ್ತಿರಲಿಲ್ಲವೋ? ಎಲ್ಲವನ್ನೂ ಬಲ್ಲಾತನಾಗಿದ್ದರೂ, ಗುಣವಾಗಲು ನಿನಗೆ ಮನಸ್ಸುಂಟೋ ಎಂದು ಆತನು ಮೊದಲು ಅವನನ್ನೇ ಕೇಳಿದನು. ಯೆರಿಕೋವಿನ ದಾರಿಯಲ್ಲಿ ಕೂಗಿಕೊಂಡ ಕುರುಡನನ್ನೂ, ತಾನು ಏನು ಮಾಡಬೇಕೆಂದು ಕೇಳಿಯೇ ಗುಣಪಡಿಸಿದನು. ಸೃಷ್ಟಿಕರ್ತನೇ ಕೇಳಿ ಮಾಡಿದ ಮೇಲೆ ಸೃಷ್ಟಿಯಾದ ಮನುಷ್ಯನು ಕೇಳದೆ ಮಾಡುವದು ಹೇಗೆ ಯುಕ್ತವಾದೀತು?

ಇದಕ್ಕೆ ಎದುರಾಗಿ ಒಬ್ಬನು ಹೀಗೆ ಹೇಳಬಹುದು: “ಒಳ್ಳೇ ಸಮಾರ್ಯದವನು ದಾರಿಯಲ್ಲಿ ಬಿದ್ದಿದ್ದವನನ್ನು ಏನಾದರೂ ಕೇಳಿದನೋ? ನೆಟ್ಟಗೆ ಹೋಗಿ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಗಾಯಗಳನ್ನು ಕಟ್ಟಲಿಲ್ಲವೋ?” ಹೌದು, ಕಟ್ಟಿದನು. ಆದರೆ ಬಿದ್ದಿದ್ದವನು ಅರೆಜೀವವಾಗಿದ್ದನು, ಕೇಳಿದರೆ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ, ಕಾದರೆ ಸಾಯುತ್ತಿದ್ದನು. ಆದಕಾರಣ ಎರಡು ಕಥೆಗಳೂ ಒಂದಕ್ಕೊಂದು ವಿರೋಧವಲ್ಲ. ಕೇಳಲಾಗದೆಯೂ ಕಾಯಲಾಗದೆಯೂ ಇರುವಲ್ಲಿ ಸಮಾರ್ಯದವನಂತೆ ಮಾಡತಕ್ಕದ್ದು; ಕೇಳಬಹುದಾದಲ್ಲಿ ಬೇತೆಸ್ದದ ಕರ್ತನಂತೆ ಮಾಡತಕ್ಕದ್ದು. ರಕ್ತವು ಸುರಿಯುತ್ತಿದ್ದರೆ ವೈದ್ಯನು ಕಟ್ಟಲಿ. ಕರುಳು ಕೊಳೆತಿದ್ದರೆ ಕತ್ತರಿಸಲಿ. ಒಂದು ವಾರ ಕಾದರೂ ಕೇಡಿಲ್ಲದ ಸಂಗತಿಯಾದರೆ ಗಾಯವನ್ನು ಹೊಲಿದು, ರೋಗಿಯು ಎಚ್ಚರವಾದ ಮೇಲೆ ಕೇಳಲಿ. ಎರಡನೆಯ ಸಾರಿ ಕೊಯ್ಯಬೇಕಾದರೆ ನೋವೂ ಖರ್ಚೂ ಹೆಚ್ಚೆಂಬದು ನಿಜ. ಬಡವನಿಗೆ ಅದು ಸಣ್ಣ ಸಂಗತಿಯಲ್ಲ. ಆದದರಿಂದಲೇ ಮಲಗುವದಕ್ಕಿಂತ ಮುಂಚೆ ಎಲ್ಲವನ್ನೂ ಮಾತಾಡಿಕೊಳ್ಳುವದು ಬುದ್ಧಿವಂತಿಕೆ.

ಹೀಗೆ ಮೊದಲೇ ಮಾತಾಡಿದ ಒಬ್ಬ ವೈದ್ಯನ ಸಂಗತಿಯು ನಮಗೆ ಬಹಳ ಪ್ರಿಯವಾದದ್ದು. 1809ರ ಡಿಸೆಂಬರ್ ತಿಂಗಳಲ್ಲಿ ಅಮೇರಿಕದ ಕೆಂಟಕಿ ಸೀಮೆಯಲ್ಲಿ ಎಫ್ರಾಯಿಮ್ ಮೆಕ್‌ಡವೆಲ್ ಎಂಬ ವೈದ್ಯನನ್ನು ಜೇನ್ ಟಾಡ್ ಕ್ರಾಫರ್ಡ್ ಎಂಬ ಗೃಹಿಣಿಯ ಬಳಿಗೆ ಕರೆಸಿದರು. ಆಕೆಯು ಗರ್ಭಿಣಿಯೆಂದೂ ದಿನ ಮೀರಿದೆಯೆಂದೂ ಅಲ್ಲಿಯವರು ಎಣಿಸಿದ್ದರು. ಮೆಕ್‌ಡವೆಲನು ಪರೀಕ್ಷಿಸಿ, ಅದು ಕೂಸಲ್ಲ, ಅಂಡಾಶಯದ ಗಡ್ಡೆ ಎಂದು ಕಂಡನು. ಅಂಥ ಗಡ್ಡೆಯನ್ನು ಹೊಟ್ಟೆ ತೆರೆದು ತೆಗೆದು ರೋಗಿಯನ್ನು ಬದುಕಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಅವನು ಏನನ್ನೂ ಮರೆಮಾಡದೆ, ಇದು ಪರೀಕ್ಷಾರ್ಥವಾದ ಕೆಲಸವೆಂದೂ ಅಪಾಯವು ಬಹಳವೆಂದೂ ಆಕೆಗೇ ತಿಳಿಸಿ, ಮನಸ್ಸಿದ್ದರೆ ತನ್ನ ಊರಿಗೆ ಬರಬೇಕೆಂದನು. ಆಕೆಯು ಆ ಭಾರವಾದ ಹೊಟ್ಟೆಯನ್ನು ಹೊತ್ತು, ಚಳಿಗಾಲದಲ್ಲಿ ಕುದುರೆಯ ಮೇಲೆ 60 ಮೈಲು ಪ್ರಯಾಣಮಾಡಿ ಬಂದಳು. ಶಸ್ತ್ರಕ್ರಿಯೆಯು ಸುಮಾರು 25 ನಿಮಿಷ ನಡೆಯಿತು. ಮಂಪರಿನ ಔಷಧವು ಆಗಲೂ ಇರಲಿಲ್ಲ. ಆಕೆಯು ದಾವೀದನ ಕೀರ್ತನೆಗಳನ್ನು ಹೇಳುತ್ತಾ ನೋವನ್ನು ತಾಳಿದಳೆಂದು ಹೇಳುವರು. ತೆರೆದಾಗ ಗಡ್ಡೆಯು ಇಡಿಯಾಗಿ ಹೊರಗೆ ಬಾರದಷ್ಟು ದೊಡ್ಡದಾಗಿತ್ತು; ಅದನ್ನು ಸೀಳಿ ಒಳಗಿನ ದ್ರವವನ್ನು ತೆಗೆದ ಮೇಲೆಯೇ ಹೊರಕ್ಕೆ ತೆಗೆಯಬೇಕಾಯಿತು. ಎಲ್ಲಾ ಕೂಡಿ 22 ಪೌಂಡಿಗಿಂತ ಹೆಚ್ಚು ತೂಕವಿತ್ತು. ಐದು ದಿನಗಳಾದ ಮೇಲೆ ವೈದ್ಯನು ನೋಡಲು ಬಂದರೆ ಆಕೆಯು ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಮಾಡುತ್ತಿದ್ದಳು. ಆ ಮೇಲೆ ಆಕೆಯು 32 ವರುಷ ಬಾಳಿ 1842ರಲ್ಲಿ ನಿದ್ರೆಹೊಂದಿದಳು. ಆ ದಿವಸ ವೈದ್ಯನ ಧೈರ್ಯವು ದೊಡ್ಡದೋ, ಆಕೆಯ ಧೈರ್ಯವು ದೊಡ್ಡದೋ? ಆಕೆಯದೇ ದೊಡ್ಡದೆಂದು ನಮಗೆ ತೋರುವದು. ಸತ್ಯವನ್ನು ತಿಳಿದು ಬಂದ ಕಾರಣ ಆ ಧೈರ್ಯವು ಆಕೆಯ ಸ್ವಂತದ್ದಾಗಿತ್ತು. ಸತ್ಯವನ್ನು ಮರೆಮಾಡಿ ಕರೆತಂದಿದ್ದರೆ ಧೈರ್ಯಕ್ಕೆ ಅಲ್ಲಿ ಸ್ಥಳವೇ ಇರುತ್ತಿರಲಿಲ್ಲ.

ಈಗ ಎರಡನೆಯ ಪ್ರಶ್ನೆಗೆ ಬರುವೆವು. ಒಳಗೆ ಕಂಡದ್ದನ್ನು ಯಾರಿಗೆ ಹೇಳಬೇಕು?

ನಮ್ಮ ಊರುಗಳಲ್ಲಿ ನಡೆಯುವ ಪದ್ಧತಿಯನ್ನು ನೀವು ಬಲ್ಲಿರಿ. ವೈದ್ಯರು ಹೊರಗೆ ಬಂದು ಹಿರೀ ಮಗನನ್ನೋ ಗಂಡನನ್ನೋ ಕರೆಯುವರು. ಅವನು ಕೇಳಿ, ಮುಖವನ್ನು ಒರಸಿಕೊಂಡು, ಒಳಗೆ ಹೋಗಿ ನಗುವನು. “ಏನಿಲ್ಲ ಅವ್ವಾ, ಎಲ್ಲಾ ಸರಿಹೋಯಿತು” ಎಂದು ಹೇಳುವನು. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ತಿಳಿದಿರುವದು ಒಬ್ಬರಿಗೆ ಮಾತ್ರ ತಿಳಿದಿರದು. ಆ ಒಬ್ಬರು ಯಾರ ದೇಹದಲ್ಲಿ ಅದು ಇರುವದೋ ಅವರೇ.

ಈಗ ನಮ್ಮ ತಪ್ಪನ್ನು ಅರಿಕೆಮಾಡುವೆವು. ಕೆಲವು ವರುಷಗಳ ಹಿಂದೆ ನಮ್ಮ ವಿಚಾರಣೆಗೆ ಸೇರಿದ ಒಂದು ಸಭೆಯಲ್ಲಿ ಒಬ್ಬ ವೃದ್ಧ ತಾಯಿಯಿದ್ದಳು. ಓದು ಬಾರದವಳು, ಆದರೆ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಚಾಪೆಗಳನ್ನು ಹಾಸುವವಳು. ಆಕೆಗೆ ಪಿತ್ತಕೋಶದ ಕಲ್ಲುಗಳೆಂದು ಶಸ್ತ್ರಕ್ರಿಯೆ ನಡೆಯಿತು. ವೈದ್ಯರು ತೆರೆದು ನೋಡಿದರೆ ಯಕೃತ್ತಿನ ಮೇಲೆಯೂ ಹೊಟ್ಟೆಯ ಒಳಪೊರೆಯ ಮೇಲೆಯೂ ಜೋಳದ ಕಾಳುಗಳನ್ನು ಚೆಲ್ಲಿದ ಹಾಗೆ ಬಿಳೀ ಗಂಟುಗಳು ಹರಡಿದ್ದವು. ಅದು ಕ್ಯಾನ್ಸರ್ ವ್ಯಾಧಿ. ತೆಗೆಯುವ ಹಂತವನ್ನು ಮೀರಿತ್ತು. ಪರೀಕ್ಷೆಗಾಗಿ ಒಂದು ಚೂರನ್ನು ಮಾತ್ರ ತೆಗೆದುಕೊಂಡು ಹೊಟ್ಟೆಯನ್ನು ಹೊಲಿದುಬಿಟ್ಟರು. ಮಗನು ವೈದ್ಯರ ಕೈ ಹಿಡಿದು, ಅವ್ವನಿಗೆ ಹೇಳಬೇಡಿರೆಂದು ಬೇಡಿಕೊಂಡನು. ವೈದ್ಯರು, “ನಾನಾಗಿ ಅವಸರಪಡುವದಿಲ್ಲ, ಆದರೆ ಅವರು ಕೇಳಿದರೆ ಸುಳ್ಳಾಡಲಾರೆನು” ಎಂದರು. ಆ ತಾಯಿಯಾದರೋ ವೈದ್ಯರನ್ನು ಕೇಳಲಿಲ್ಲ. ನಮ್ಮನ್ನು ಕೇಳಿದಳು.

“ಉಪದೇಶಿಗಳೇ, ಕಲ್ಲು ತೆಗೆದರೋ?” ಎಂದಳು. ಮಗನು ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದನು. ನಾವು, “ದೇವರು ಒಳ್ಳೇದು ಮಾಡುವನು ಅವ್ವಾ, ನೀವು ಚಿಂತೆ ಮಾಡಬೇಡಿರಿ” ಎಂದೆವು. ಆ ಮಾತಿನಲ್ಲಿ ಸುಳ್ಳು ಇರಲಿಲ್ಲವೆಂದು ನಮ್ಮನ್ನು ನಾವೇ ಸಮಾಧಾನಪಡಿಸಿಕೊಂಡೆವು. ಆದರೆ ದೇವರ ಹೆಸರನ್ನು ಪರದೆಯಾಗಿ ಎಳೆದು ಅದರ ಹಿಂದೆ ನಾವು ಅಡಗಿಕೊಂಡೆವೆಂಬದನ್ನು ದೇವರು ಬಲ್ಲನು.

ಆ ತಾಯಿಗೆ ಒಬ್ಬ ತಂಗಿಯಿದ್ದಳು. ತಂದೆಯ ಹೊಲದ ಪಾಲಿನ ವಿಷಯವಾಗಿ ಹನ್ನೆರಡು ವರುಷಗಳಿಂದ ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಎರಡು ತಿಂಗಳ ಮೇಲೆ ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾದಾಗ ಆಕೆಯು ತಾನಾಗಿಯೇ ತಿಳಿದುಕೊಂಡಳು. ಅಂದು ನಮ್ಮನ್ನು ಕರೆಸಿ, “ನಿಮಗೂ ಗೊತ್ತಿತ್ತೋ?” ಎಂದು ಕೇಳಿದಳು. ನಾವು ತಲೆ ತಗ್ಗಿಸಿದೆವು. “ಗೊತ್ತಿದ್ದರೆ ತಂಗಿಯ ಮನೆಗೆ ನಾನೇ ನಡೆದು ಹೋಗುತ್ತಿದ್ದೆನು. ಆಗ ಕಾಲಲ್ಲಿ ಬಲವಿತ್ತು” ಎಂದು ಮಾತ್ರ ಹೇಳಿದಳು, ಬೈಯಲಿಲ್ಲ. ಕೂಡಲೇ ತಂಗಿಗೆ ಹೇಳಿಕಳುಹಿಸಿದೆವು. ಆಕೆಯು ಬಂದು ಸೇರುವಷ್ಟರಲ್ಲಿ ಅಕ್ಕನಿಗೆ ಮಾತು ನಿಂತಿತ್ತು. ಕೈಯ ಮೇಲೆ ಕೈಯಿಟ್ಟು ತಂಗಿಯು ಒಂದು ರಾತ್ರಿ ಕುಳಿತಿದ್ದಳು. ಅಕ್ಕನಿಗೆ ಅದು ತಿಳಿಯಿತೋ ಇಲ್ಲವೋ, ಆ ದಿನದಲ್ಲಿ ಗೊತ್ತಾಗುವದು.

ಎರಡು ತಿಂಗಳು! ಆರವತ್ತು ದಿವಸ ಆ ತಾಯಿಗೆ ಕಾಲಲ್ಲಿ ಬಲವಿತ್ತು, ಬಾಯಲ್ಲಿ ಮಾತಿತ್ತು. ಆ ದಿವಸಗಳು ಆಕೆಯವು. ಅವುಗಳನ್ನು ನಾವು ಪ್ರೀತಿಯ ಹೆಸರಿನಿಂದ ಆಕೆಯ ಕೈಯಿಂದ ತೆಗೆದುಕೊಂಡೆವು. ವೈದ್ಯನು ಕೇಳದೆ ಅಂಗವನ್ನು ತೆಗೆದರೆ ನ್ಯಾಯಾಲಯವುಂಟು. ಸ್ವಂತ ಜನರು ಕೇಳದೆ ದಿವಸಗಳನ್ನು ತೆಗೆದರೆ ಯಾವ ನ್ಯಾಯಾಲಯಕ್ಕೆ ಹೋಗುವದು?

ಹಿಜ್ಕೀಯ ಅರಸನ ಚರಿತ್ರೆಯನ್ನು ಆಗ ನಾವು ಮತ್ತೊಮ್ಮೆ ಓದಿದೆವು. ಅವನು ಮರಣಕರ ರೋಗದಲ್ಲಿದ್ದಾಗ ದೇವರು ಪ್ರವಾದಿಯಾದ ಯೆಶಾಯನನ್ನು ಯಾರ ಬಳಿಗೆ ಕಳುಹಿಸಿದನು? ಮಂತ್ರಿಗಳ ಬಳಿಗಲ್ಲ, ಅರಮನೆಯ ಹಿರಿಯರ ಬಳಿಗಲ್ಲ. ಹಾಸಿಗೆಯಲ್ಲಿ ಮಲಗಿದ್ದ ಅರಸನ ಬಳಿಗೇ. ಕಠಿಣವಾದ ವಾರ್ತೆಯು ಯಾರದೋ ಅವನಿಗೇ ಮುಟ್ಟಿತು. ಅವನು ಗೋಡೆಯ ಕಡೆಗೆ ಮುಖವನ್ನು ತಿರುಗಿಸಿ ಅತ್ತು ಪ್ರಾರ್ಥಿಸಿದನು. ದೇವರು ಅವನಿಗೆ ಹದಿನೈದು ವರುಷಗಳನ್ನು ಕೂಡಿಸಿದನೆಂಬದನ್ನು ಎಲ್ಲರೂ ನೆನಸುವರು. ಆದರೆ ವಾರ್ತೆಯೇ ಮುಟ್ಟದೆ ಇದ್ದರೆ ಆ ಪ್ರಾರ್ಥನೆಯು ಎಲ್ಲಿಂದ ಬರುತ್ತಿತ್ತು? ರೋಗಿಯಿಂದ ಸತ್ಯವನ್ನು ಮರೆಮಾಡುವವರು ಅವನ ಪ್ರಾರ್ಥನೆಯ ಬಾಗಿಲನ್ನೂ ಅರಿಯದೆ ಮುಚ್ಚುವರು.

“ಹೇಳಿದರೆ ಎದೆಯೊಡೆದು ಬೇಗನೆ ಸಾಯುವರು” ಎಂಬದು ನಮ್ಮ ಜನರ ಭಯ. ಈ ಭಯವನ್ನು ಹಾಸ್ಯಮಾಡಬಾರದು. ಅದು ಪ್ರೀತಿಯಿಂದ ಹುಟ್ಟಿದ್ದು. ಆದರೆ ನಾವು ರೋಗಿಗಳ ಬಳಿಯಲ್ಲಿ ಕುಳಿತು ಕಂಡದ್ದೇನಂದರೆ, ಬಹುಮಂದಿಗೆ ಹೇಳದೆ ಇದ್ದರೂ ತಿಳಿಯುವದು. ಮಕ್ಕಳ ಕಣ್ಣುಗಳಿಂದ ತಿಳಿಯುವದು. ಬಾಗಿಲ ಹೊರಗಿನ ಪಿಸುಮಾತಿನಿಂದ ತಿಳಿಯುವದು. ಎಂದೂ ಬಾರದ ನೆಂಟರು ಹಣ್ಣು ಹಿಡಿದು ಬಂದಾಗ ತಿಳಿಯುವದು. ಆಗ ರೋಗಿಯೂ ತನಗೆ ತಿಳಿಯದವನಂತೆ ನಟಿಸುವನು. ಹೀಗೆ ಒಂದೇ ಮನೆಯಲ್ಲಿ ಎಲ್ಲರೂ ಒಬ್ಬರಿಂದೊಬ್ಬರು ಅಡಗಿಕೊಂಡು ಅಳುವರು. ಕೂಡಿ ಅಳುವದರಲ್ಲಿರುವ ಸಮಾಧಾನವು ಅವರಿಗೆ ದೊರೆಯದು.

ಆದರೆ ಸತ್ಯವೆಂದು ಹೇಳಿ ಕಲ್ಲೆಸೆದ ಹಾಗೆ ಎಸೆಯುವದೂ ಧರ್ಮವಲ್ಲ. ನೋಹನು ಗುಡಾರದಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ಮಲಗಿದ್ದಾಗ ಮಕ್ಕಳು ನಡೆದುಕೊಂಡ ರೀತಿಯನ್ನು ನೋಡಿರಿ. ಹಾಮನು ಕಂಡದ್ದನ್ನು ಹೊರಗೆ ಹೋಗಿ ಹೇಳಿದನು. ಶೇಮನೂ ಯೆಫೆತನೂ ಹಿಂದುಹಿಂದಕ್ಕೆ ನಡೆದು ತಂದೆಯ ಮೇಲೆ ಬಟ್ಟೆಯನ್ನು ಹೊದಿಸಿದರು. ಮಲಗಿದವರಲ್ಲಿ ಕಂಡದ್ದನ್ನು ಹೊರಗಿನವರಿಗೆ ಸಾರುವದು ಹಾಮನ ಕೆಲಸ. ಆಸ್ಪತ್ರೆಯ ಸೇವಕರಾಗಿರುವ ನಮ್ಮ ಸಭೆಗಳ ಯೌವನಸ್ಥರೂ ಇದನ್ನು ಮನಸ್ಸಿನಲ್ಲಿಡಲಿ: ಮೇಜಿನ ಮೇಲೆ ಕಂಡದ್ದನ್ನು ಊರಿನ ಕಟ್ಟೆಯ ಮೇಲೆ ಹೇಳಬಾರದು. ರೋಗಿಗೆ ಹೇಳುವವನಾದರೋ ಮೊದಲು ಕುಳಿತುಕೊಳ್ಳಲಿ. ರೋಗಿಯು ಎಷ್ಟು ತಿಳಿಯಲು ಇಷ್ಟಪಡುವನೆಂದು ಕೇಳಲಿ. ಕೇಳಿದಷ್ಟನ್ನು ನಿಜವಾಗಿ ಹೇಳಲಿ. ಹೇಳಿದ ಮೇಲೆ ಎದ್ದು ಹೋಗದಿರಲಿ. “ನನಗೆ ಹೇಳಬೇಡಿರಿ, ಮಗನಿಗೆ ಹೇಳಿರಿ” ಎಂದು ರೋಗಿಯೇ ಅಂದರೆ ಅದೂ ಅವನ ಹಕ್ಕೇ. ಅವನು ಕೊಟ್ಟದ್ದನ್ನು ಮಗನು ಪಡೆದಂತಾಯಿತು, ಮಗನು ಕಸಿದುಕೊಂಡಂತಾಗಲಿಲ್ಲ.

ಹೊಲದಲ್ಲಿ ಹೂಳಿಟ್ಟ ನಿಕ್ಷೇಪದ ಸಾಮ್ಯವನ್ನು ನೀವು ಬಲ್ಲಿರಿ. ಅದನ್ನು ಕಂಡ ಮನುಷ್ಯನೂ ರಾತ್ರಿಯಲ್ಲಿ ಅಗೆದು ಹೊತ್ತುಕೊಂಡು ಹೋಗಲಿಲ್ಲ; ಇದ್ದದ್ದನ್ನೆಲ್ಲಾ ಮಾರಿ ಹೊಲವನ್ನು ಕೊಂಡುಕೊಂಡನು. ಕಣ್ಣಿಗೆ ಬಿದ್ದ ಮಾತ್ರಕ್ಕೆ ವಸ್ತುವು ಕಂಡವನದಾಗದು. ಹೊಟ್ಟೆಯೊಳಗೆ ಕಂಡದ್ದೂ ಕಂಡ ವೈದ್ಯನದಲ್ಲ, ಕಾಗದಕ್ಕೆ ಸಹಿಮಾಡಿದ ಯಜಮಾನನದಲ್ಲ, ಪ್ರಾರ್ಥಿಸಲು ಬಂದ ಉಪದೇಶಿಯದೂ ಅಲ್ಲ. ಅದು ದೇವರ ಕೆಳಗೆ ಆ ದೇಹದಲ್ಲಿ ವಾಸಿಸುವ ಆತ್ಮಕ್ಕೆ ಸೇರಿದ್ದು. ನಮ್ಮ ದೇಹಗಳು ದೇವರವು, ನಮ್ಮವಲ್ಲ ಎಂದು ಕೆಲವರು ಹೇಳುವರು; ಸತ್ಯವೇ. ಆದರೆ ದೇವರು ಒಂದೊಂದು ದೇಹಕ್ಕೆ ಒಬ್ಬೊಬ್ಬನನ್ನು ಪಾರುಪತ್ಯಗಾರನನ್ನಾಗಿ ಇಟ್ಟಿದ್ದಾನೆ. ಲೆಕ್ಕವನ್ನು ಅವನಿಂದಲೇ ಕೇಳುವನು. ಲೆಕ್ಕ ಕೊಡಬೇಕಾದವನಿಗೆ ಲೆಕ್ಕದ ಪುಸ್ತಕವನ್ನು ತೋರಿಸದಿರುವದು ಯಾವ ನ್ಯಾಯ?

ಆದಕಾರಣ ಶಸ್ತ್ರಚಿಕಿತ್ಸೆಗೆ ಹೋಗುವ ನಮ್ಮವರಿಗೆ ಕೆಲವು ಮಾತುಗಳು. ಒಪ್ಪಿಗೆಯ ಕಾಗದವನ್ನು ಓದಿಸಿ ಕೇಳದೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಬೇಡಿರಿ. ಕನ್ನಡದಲ್ಲಿ ತಿಳಿಸಿರೆಂದು ವಿನಯವಾಗಿ ಬೇಡಿಕೊಳ್ಳಿರಿ. ಧರ್ಮಾರ್ಥವಾಗಿ ಚಿಕಿತ್ಸೆಯಾಗುವದಾದರೂ ಹೀಗೆ ಕೇಳಲು ನಾಚಬೇಡಿರಿ. ಬಡತನವು ಮನುಷ್ಯನ ಹಕ್ಕನ್ನು ಅಳಿಸದು. ಮೂರು ಪ್ರಶ್ನೆಗಳನ್ನು ಕೇಳಿರಿ: ಏನನ್ನು ಹುಡುಕಿ ತೆರೆಯುವಿರಿ? ಬೇರೇನಾದರೂ ಕಂಡರೆ ಯಾವದನ್ನು ಆಗಲೇ ಮಾಡುವಿರಿ, ಯಾವದಕ್ಕೆ ಕಾಯುವಿರಿ? ಕಂಡದ್ದನ್ನು ನನಗೆ ಯಾವಾಗ ಹೇಳುವಿರಿ? ಇದರಿಂದ ಒಳ್ಳೇ ವೈದ್ಯರಿಗೆ ಕೋಪ ಬಾರದು. ಅವರ ಭಾರವು ಹಗುರವಾಗುವದು. ಮನೆಯವರಿಗೂ ಮೊದಲೇ ನಿಮ್ಮ ಮನಸ್ಸನ್ನು ತಿಳಿಸಿರಿ. ವೈದ್ಯರ ಮೇಲೆ ಸಂದೇಹಪಡಬೇಕೆಂದು ನಾವು ಹೇಳುವದಿಲ್ಲ. ಲೂಕನೂ ವೈದ್ಯನಾಗಿದ್ದನು, ವೈದ್ಯರ ಕೈಗಳು ದೇವರ ದಾನವೇ.

ಆ ಹಿರಿಯರಿಗೆ ನಾವು ಮೂರು ದಿವಸಗಳಾದ ಮೇಲೆ ಹೋಗಿ ಇದನ್ನೆಲ್ಲಾ ಹೇಳಿದೆವು. ನಮ್ಮ ತಪ್ಪನ್ನೂ ಮರೆಮಾಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, ಸೊಸೆಯನ್ನು ಕರೆದು, “ಏನಾದರೂ ಕಂಡರೆ ಯಾರಿಗೆ ಹೇಳಲಿ, ತಾಯೀ?” ಎಂದು ಕೇಳಿದರು. ಮಾವನ ಮುಂದೆ ಎಂದೂ ತಲೆಯೆತ್ತಿ ಮಾತಾಡದ ಆಕೆಯು, “ನನಗೇ ಹೇಳಲಿ, ಮಾವನವರೇ. ನೀವು ಪಕ್ಕದಲ್ಲಿ ಇರಿ” ಎಂದಳು. ಶಸ್ತ್ರಕ್ರಿಯೆಯಲ್ಲಿ ಕಲ್ಲುಗಳ ಹೊರತು ಬೇರೇನೂ ಕಾಣಲಿಲ್ಲ, ದೇವರಿಗೆ ಸ್ತೋತ್ರವಾಗಲಿ. ಕಂಡಿದ್ದರೂ ಆ ಮನೆಯವರು ಅದನ್ನು ಕೂಡಿಯೇ ಹೊರುತ್ತಿದ್ದರು.

ನಮ್ಮ ಅಂತರಂಗವನ್ನು ತೆರೆದು ನೋಡಬಲ್ಲಾತನು ಒಬ್ಬನೇ. ಆತನು ಅಲ್ಲಿ ಕಂಡದ್ದನ್ನು ನೆರೆಯವರಿಗೆ ಸಾರುವದಿಲ್ಲ, ನಮ್ಮಿಂದ ಮರೆಮಾಡುವದೂ ಇಲ್ಲ. ನಮಗೇ ಮೆಲ್ಲನೆ ತೋರಿಸಿ, ಗುಣವಾಗಲು ಮನಸ್ಸುಂಟೋ ಎಂದು ಕೇಳುವನು. ಆತನು ನಮ್ಮೊಂದಿಗೆ ನಡೆದುಕೊಳ್ಳುವ ಹಾಗೆಯೇ ನಾವೂ ನಮ್ಮ ರೋಗಿಗಳೊಂದಿಗೆ ನಡೆದುಕೊಳ್ಳುವಂತೆ ನಮಗೆಲ್ಲರಿಗೂ ಕೃಪೆಯನ್ನು ದಯಪಾಲಿಸಲಿ.